ಥೈಲಿ ಮುಂದೆ, ನಾನು ಹಿಂದೆ

ನಾನು ಗೆದ್ದೆನೆಂದು ಪ್ರಾಂತ ಸಾಹೇಬರು ಕೈ ಕುಲುಕಿ ಹೇಳಿದರು. ರಾಮದುರ್ಗದ ಕಾರಭಾರಿಗಳು ಶಾಲು ಹೊದಿಸಿ ಹೇಳಿದರು. ನನ್ನ ಸೋದರಮಾವ ಹಲ್ಲು ಕಚ್ಚಿಕೊಂಡು ಹೇಳಿದ. ಅರವತ್ತು ಮೈಲಿಗೂ ಮಿಕ್ಕಿದ ಆ ಸೈಕಲ್ ಶರ್ಯತ್ತಿನಲ್ಲಿ ನಾನು ಗೆದ್ದೆನೋ ಸೋತೆನೋ, ಅರ್ಧ ದಾರಿಯ ಮೇಲೆ ಅದರೊಳಗೆ ಇದ್ದೆನೋ ಇಲ್ಲವೋ ಎಂಬುದು ನನಗೆ ಮಾತ್ರ ಇವತ್ತಿಗೂ ನೆಟ್ಟಗೆ ತಿಳಿದಿಲ್ಲ. ಎಪ್ಪತ್ತು ದಾಟಿದ ಮೇಲೆ ಬರೆದರೆ ತಿಳಿದೀತೆಂದು ಬರೆಯಲು ಕೂತಿದ್ದೇನೆ. ತಿಳಿಯದಿದ್ದರೆ ಓದುವವರು ತಿಳಿದುಕೊಳ್ಳಲಿ.

ಪ್ಲೇಗು ಬಂದು ಹೋಗಿತ್ತು, ಜರ್ಮನರ ಮೇಲಿನ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಬೈಲಹೊಂಗಲದಲ್ಲಿ ನಾನೂ ನನ್ನ ತಾಯಿಯೂ ಸೋದರಮಾವನ ಹತ್ತಿ ಅಂಗಡಿಯ ಹಿಂದಿನ ಎರಡು ಅಂಕಣದಲ್ಲಿ ಇದ್ದೆವು. ತಂದೆ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಮಾವನಿಗೆ ಒಬ್ಬಳೇ ಮಗಳು, ಅವಳನ್ನು ನನಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗಿಯ ಬಗ್ಗೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಮಾವನ ಕರಾರಿನ ಬಗ್ಗೆ. ಮದುವೆಯಾದ ಮೇಲೆ ನಾನು ಮನೆಅಳಿಯನಾಗಿ ಅವನ ಮನೆ ಸೇರಬೇಕು, ತಾಯಿ ನನ್ನ ತಂದೆಯ ದಾಯಾದಿಗಳ ಹಳ್ಳಿಗೆ ಹೋಗಬೇಕು ಎಂದು ಅವನು ಹಟ ಹಿಡಿದಿದ್ದ.

"ಅತ್ತೀ ಮನ್ಯಾಗ ಅಳಿಯ ಮೂರ ದಿನಾ ದೇವರು, ನಾಕನೇ ದಿನಾ ದನಾ ಕಾಯಾಂವ" ಎಂದು ತಾಯಿ ರೊಟ್ಟಿ ಬಡಿಯುತ್ತ ದಿನಕ್ಕೊಮ್ಮೆ ಅನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾವನ ಮೇಲೋ, ತಾಯಿಯ ಮೇಲೋ, ದನದ ಮೇಲೋ ಎಂದು ಗೊತ್ತಾಗುತ್ತಿರಲಿಲ್ಲ.

ಮಾವನ ಹತ್ತಿರ ಒಂದು ಸೈಕಲ್ ಇತ್ತು. ಹುಬ್ಬಳ್ಳಿಯಲ್ಲಿ ಹತ್ತಿ ಮಾರಿದ ಹುರುಪಿನಲ್ಲಿ ಕೊಂಡು ತಂದವನು ಪೇಟೆಯ ನಡುವೆಯೇ ಎಮ್ಮೆಗೆ ಹಾಯಿಸಿ ಬಿದ್ದ. ಎಮ್ಮೆಗೆ ಏನೂ ಆಗಲಿಲ್ಲ. ಮಾವ ಮೂರು ದಿನ ಮಲಗಿದ. ಆ ಮೇಲೆ ಸೈಕಲ್ಲು ಹತ್ತಿಯ ಗೋದಾಮಿನಲ್ಲಿ ಗೋಡೆಗೆ ನೇತಾಡುತ್ತಿತ್ತು. ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಗದ್ದುಗೆಯ ಹಿಂದಿನ ಬಯಲಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ನಾನು ಕಲಿತೆ. ಪೇಟೆಯ ಜನ ನನ್ನನ್ನು ಗಾಲಿಭೂತ ಎಂದು ಕರೆದರು.

ಆ ವರ್ಷ ಮಾಘದಲ್ಲಿ ಚಾವಡಿಯ ಮುಂದೆ ಡಂಗುರ ಹೊಡೆದರು. ಪ್ರಾಂತದ ಆಡಳಿತ ನೋಡುವ ಇಂಗ್ಲಿಷ್ ಅಧಿಕಾರಿ ಪ್ರಾಂತ ಸಾಹೇಬರಿಗೆ ಸೈಕಲ್ಲಿನ ಹುಚ್ಚಿತ್ತಂತೆ. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಯ ಮೇಲೆ ಹಾದು ರಾಮದುರ್ಗ ಸಂಸ್ಥಾನದವರೆಗೆ ಒಂದೇ ದಿನದಲ್ಲಿ ಸೈಕಲ್ ಮೇಲೆ ಸರಕಾರಿ ಥೈಲಿಯನ್ನು, ಅಂದರೆ ಅರಗು ಹಾಕಿದ ಟಪಾಲಿನ ಚೀಲವನ್ನು, ಮುಟ್ಟಿಸಬಹುದೇ ಎಂದು ಅವರು ಪರೀಕ್ಷೆ ಮಾಡುವವರಿದ್ದರು. ಯಾರ ಥೈಲಿ ಮೊದಲು ಮುಟ್ಟುತ್ತದೋ ಅವರಿಗೆ ಹೊಸದಾಗಿ ಆಗಲಿರುವ ಸೈಕಲ್ ಟಪಾಲಿನ ನೌಕರಿ. ಅಲ್ಲಿಯವರೆಗೆ ಆ ಟಪಾಲನ್ನು ಯಾರು ಒಯ್ಯುತ್ತಿದ್ದರು ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ನೌಕರಿ, ಬೇರೆ ಮನೆ, ಆ ಮನೆಯ ಒಲೆಯ ಮುಂದೆ ನನ್ನ ತಾಯಿ.

ಮಾವನನ್ನು ಸೈಕಲ್ ಕೇಳಿದೆ. ಅವನು ಮೀಸೆ ತೀಡಿದ.

"ಒಯ್ಯಿ. ಗೆದ್ದಿ ಅಂದ್ರ ನೌಕರಿ ಹಿಡಿ, ಬ್ಯಾರೆ ಮನಿ ಮಾಡು, ನಿಮ್ಮವ್ವನ್ನ ಇಟ್ಕೊ. ನಾ ಒಂದ ಮಾತ ಅನ್ನೂದಿಲ್ಲ. ಸೋತಿ ಅಂದ್ರ ಮಾತ್ರ ಅಕ್ಷತಾ ಬಿದ್ದ ಮರುದಿನಾನ ಗಂಟು ಕಟ್ಕೊಂಡ ನಮ್ಮ ಮನಿಗಿ ಬರಬೇಕು. ಒಪ್ಪೇನು?"

ಒಪ್ಪಿದೆ. ಒಳಗಿನ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅಲ್ಲಿದ್ದ ಮಾವನ ಮಗಳು ನಾನು ಗೆಲ್ಲಲಿ ಎಂದು ಬಯಸಿದಳೋ, ಸೋಲಲಿ ಎಂದೋ, ಅದನ್ನು ಮದುವೆಯಾಗಿ ನಲವತ್ತು ವರ್ಷದ ಮೇಲೂ ಅವಳು ನನಗೆ ಹೇಳಲಿಲ್ಲ.

ಕಿತ್ತೂರಿನ ಹಾಳು ಕೋಟೆಯ ಹತ್ತಿರ ಬೆಳಗು ಹರಿಯುವ ಹೊತ್ತಿಗೆ ಐದು ಜನ ಹೆಗಲಿಗೆ ಒಂದೊಂದು ಥೈಲಿ ಹಾಕಿ ಸೈಕಲ್ ಹಿಡಿದು ನಿಂತೆವು. ಪ್ರಾಂತ ಸಾಹೇಬರು ರಾಮದುರ್ಗದ ಬಂಗಲೆಯಲ್ಲಿ ಇಳಿದಿದ್ದರು, ಇಲ್ಲಿ ಮಾಮಲೇದಾರ ಕಚೇರಿಯ ಹಿರಿಯ ಬರಹಗಾರ ಅವ್ವಲ್ ಕಾರಕೂನರು ನಿಯಮ ಓದಿದರು. ಓದಿದ್ದು ಮರಾಠಿಯಲ್ಲಿ, ಅದೂ ಮೂಗಿನಲ್ಲಿ. ಒಂದು ಸಾಲು ಓದುವುದು, ಒಮ್ಮೆ ನಸ್ಯ ಏರಿಸುವುದು. ಬೈಲಹೊಂಗಲ ಮತ್ತು ಸವದತ್ತಿಯ ಕಚೇರಿಗಳಲ್ಲಿ ಥೈಲಿಗೆ ಕಟ್ಟಿದ ಹೆಸರಿನ ಚೀಟಿಯ ಮೇಲೆ ಶಿಕ್ಕಾ, ಅಂದರೆ ಮೊಹರು, ಹೊಡೆಸಬೇಕು ಎಂಬುದು ತಿಳಿಯಿತು. ಥೈಲಿಯ ಅರಗು ಒಡೆಯಬಾರದು ಎಂಬುದೂ ತಿಳಿಯಿತು. ಉಳಿದದ್ದು ನಸ್ಯದ ಜೊತೆ ಹೋಯಿತು. ಸೈಕಲ್ ಮುರಿದರೆ ಏನು ಮಾಡಬೇಕು ಎಂದು ಕೇಳಿದೆ.

"ಮುರೀಬಾರದು" ಎಂದರು ಕಾರಕೂನರು.

ಐವರಲ್ಲಿ ನನಗೆ ಹೆದರಿಕೆಯಿದ್ದದ್ದು ಒಬ್ಬನದೇ. ಅವನು ಸರ್ವೆ ಖಾತೆಯ ಗುಮಾಸ್ತ, ಉದ್ದ ಕಾಲಿನ ಸಣಕಲ ಮನುಷ್ಯ, ದಿನಾ ಹೊಲ ಅಳೆಯಲು ಸೈಕಲ್ ಮೇಲೆ ತಿರುಗುವವನು. ಅವನು ನಮ್ಮ ಯಾರ ಕಡೆಗೂ ನೋಡದೆ ಚಕ್ರದ ಗಾಳಿ ಒತ್ತಿ ನೋಡುತ್ತಿದ್ದ.

ರಸ್ತೆ ಎಂದು ಕರೆಯುತ್ತಿದ್ದೆವು, ಇದ್ದದ್ದು ಗರಸು ಚೆಲ್ಲಿದ ಬಂಡಿದಾರಿ. ಬಂಡಿಯ ಗಾಲಿಗಳು ಕೊರೆದ ಎರಡು ಕೊರಕಲು, ನಡುವೆ ಸಡಿಲವಾದ ಕೆಂಪು ಗರಸು. ಕೊರಕಲಿನಲ್ಲಿ ಇಳಿದರೆ ಪೆಡಲು ದಂಡೆಗೆ ಬಡಿಯುತ್ತದೆ, ನಡುವೆ ಹೋದರೆ ಚಕ್ರ ಜಾರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನನ್ನ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಬೇರೆ ಬೇರೆ ಊರಿಗೆ ಹೊರಟವು. ಕಾಲು ಗಂಟೆಯಲ್ಲಿ ಅಂಗೈ ಜುಮುಗುಡತೊಡಗಿತು. ಗುಮಾಸ್ತ ಮೊದಲನೇ ದಿಬ್ಬದಲ್ಲೇ ಕಣ್ಣಿಗೆ ಮರೆಯಾದ.

ಮಲಪ್ರಭೆಯಲ್ಲಿ ಮೊಣಕಾಲುದ್ದ ನೀರಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟುವಾಗ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ನೋಡಿ, "ಅದು ನಿಮ್ಮನ್ನ ಹೊರಬೇಕೋ, ನೀವು ಅದನ್ನ ಹೊರಬೇಕೋ?" ಎಂದು ಕೇಳಿದಳು. ಅಣಕವೋ ನಿಜವಾದ ಪ್ರಶ್ನೆಯೋ ತಿಳಿಯಲಿಲ್ಲ. ಉತ್ತರ ಕೊಡಲು ನಿಂತರೆ ಕಾಲಡಿಯ ಉಸುಕು ಸರಿಯುತ್ತಿತ್ತು.

ಬೈಲಹೊಂಗಲದಲ್ಲಿ ಶಿಕ್ಕಾ ಬಿತ್ತು. ತಾಯಿ ಕಚೇರಿಯ ಎದುರಿಗೇ ನಿಂತಿದ್ದಳು. ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಅರಿವೆಯನ್ನು ಕೋಟಿನ ಕಿಸೆಗೆ ತುರುಕಿದಳು. ಆ ಕೋಟು ಮಾವ ಹಾಕಿ ಬಿಟ್ಟದ್ದು, ಖಾಕಿ ಬಣ್ಣದ್ದು, ತೋಳು ಉದ್ದ. ಬಿಸಿಲಿಗೆ ಇರಲೆಂದು ಹಾಕಿಕೊಂಡಿದ್ದೆ. ಆ ಕೋಟಿನಿಂದ ಮುಂದೆ ಆದ ಘೋಟಾಳೆ ಮೊದಲೇ ಗೊತ್ತಿದ್ದರೆ ಅಲ್ಲೇ ಬಿಚ್ಚಿ ಒಗೆಯುತ್ತಿದ್ದೆ.

ಸವದತ್ತಿ ಇನ್ನೂ ಅರ್ಧ ದಾರಿಯಿರುವಾಗ ಒಂದು ಹಳ್ಳಿಯ ಅಗಸೆ ಬಾಗಿಲ ಹತ್ತಿರ ಹಿಂದಿನ ಗಾಲಿ ಉಸ್ಸೆಂದಿತು. ಜಾಲಿಮುಳ್ಳು. ಅದು ಆ ದಿನದ ಮೂರನೆಯದು. ಸೈಕಲ್ ತಳ್ಳಿಕೊಂಡು ಚಾವಡಿಗೆ ಹೋದೆ. ಬೇವಿನ ಮರದ ಕೆಳಗೆ ಸೈಕಲ್ ಮಲಗಿಸಿ, ಹೆಗಲಿನ ಥೈಲಿಯನ್ನು ಚಾವಡಿಯ ಕಟ್ಟೆಯ ಮೇಲೆ ಇಟ್ಟು, ಒಂದು ಪರಾತದಲ್ಲಿ ನೀರು ಇಸಿದುಕೊಂಡು ಟ್ಯೂಬು ಮುಳುಗಿಸಿದೆ. ಗುಳ್ಳೆ ಬರುವ ಜಾಗ ಹುಡುಕುತ್ತ ತಲೆ ತಗ್ಗಿಸಿ ಕೂತೆ.

ಕಟ್ಟೆಯ ತುದಿಯಲ್ಲಿ ಒಬ್ಬ ಮುದುಕ ಕೂತಿದ್ದ. ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಆ ಊರಿನ ವಾಲೀಕಾರ, ಅಂದರೆ ಚಾವಡಿಯ ಚಾಕರಿಯವನು.

"ಎಪ್ಪಾ, ಇದು ರಾಮದುರ್ಗಕ್ಕೇನ್ರಿ?" ಎಂದ.

"ಹೂಂ" ಎಂದೆ.

"ಸೈಕಲ್ ಕೆಟ್ಟೈತೇನ್ರಿ?"

"ಕಾಣೂದಿಲ್ಲೇನು?" ಎಂದು ಸಿಡುಕಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ, ಬಿಸಿಲು ಹತ್ತಿದರೆ ಇನ್ನೂ ಕೆಡುತ್ತದೆ.

ಗೆಜ್ಜೆ ಸದ್ದು ಕೇಳಿಸಿತು. ಗಮನ ಕೊಡಲಿಲ್ಲ. ರಬ್ಬರು ಅಂಟಿಸಿ, ಗಾಳಿ ತುಂಬಿ, ತಲೆ ಎತ್ತಿ ನೋಡಿದರೆ ಕಟ್ಟೆಯ ಮೇಲೆ ಮುದುಕನೂ ಇಲ್ಲ, ಥೈಲಿಯೂ ಇಲ್ಲ.

ಚಾವಡಿಯೊಳಗೆ ನುಗ್ಗಿ ಕುಲಕರ್ಣಿಯವರನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಥೈಲಿ ಹೋತು" ಎಂದರು.

"ಎಲ್ಲಿಗೆ ಹೋತ್ರಿ?"

"ಮುಂದಿನ ಊರಿಗೆ. ಕಟ್ಟಿ ಮ್ಯಾಲ ಇಟ್ಟ ಸರಕಾರಿ ಗಂಟು ಕಟ್ಟಿ ಮ್ಯಾಲ ಕುಂದರತೈತೇನು? ನೀವು ಇಟ್ರಿ, ಯಾರ ಪಾಳಿ ಇತ್ತೋ ಅಂವ ಎತ್ತಿದ."

"ಅದು ಶರ್ಯತ್ತಿನ ಥೈಲಿ ಅದರೀ."

"ಅದರ ಮ್ಯಾಲಿನ ಶಿಕ್ಕಾ ಸರಕಾರದ್ದು ಐತಿಲ್ಲೊ?"

"ಐತ್ರಿ."

"ಮತ್ತ?" ಎಂದು ಅವರು ಎಲೆಯನ್ನು ಬಾಯಿಗಿಟ್ಟುಕೊಂಡರು. ಆ ಮೇಲೆ ಅವರೊಡನೆ ಮಾತಾಡಲು ಉಪಾಯವಿರಲಿಲ್ಲ.

ನಮ್ಮ ಸೀಮೆಯ ರೂಢಿ ನನಗೆ ಗೊತ್ತಿಲ್ಲದ್ದಲ್ಲ, ಗಮನಕ್ಕೆ ಬಾರದ್ದು ಅಷ್ಟೆ. ಸರಕಾರಿ ಟಪಾಲು ಚಾವಡಿಯ ಕಟ್ಟೆಗೆ ಬಂದರೆ ಆ ಊರಿನ ವಾಲೀಕಾರ ಅದನ್ನು ಎತ್ತಿಕೊಂಡು ಮುಂದಿನ ಊರಿನ ಸೀಮೆಗೆ ಓಡುತ್ತಾನೆ. ಅಲ್ಲಿಯ ವಾಲೀಕಾರ ಇಸಿದುಕೊಂಡು ತನ್ನ ಊರು ದಾಟಿಸುತ್ತಾನೆ. ಹೀಗೆ ಕೈಯಿಂದ ಕೈಗೆ, ಸೀಮೆಯಿಂದ ಸೀಮೆಗೆ. ಉಣ್ಣುತ್ತಿದ್ದರೆ ಎಡಗೈಯಲ್ಲಿ ಎತ್ತಿಕೊಂಡು ಏಳಬೇಕು. ಅದಕ್ಕೆಂದೇ ಅವರಿಗೆ ತಲೆತಲಾಂತರದ ಉಂಬಳಿ ಹೊಲ. ಥೈಲಿ ತಮ್ಮ ಊರಲ್ಲಿ ಒಂದು ಗಳಿಗೆ ನಿಂತರೂ ಅದು ಮನೆತನಕ್ಕೆ ಮಾತು. ನಾನು ಅಂಥ ಕಟ್ಟೆಯ ಮೇಲೆ ಥೈಲಿ ಇಟ್ಟು, ರಾಮದುರ್ಗಕ್ಕೆ ಎಂದು ಹೇಳಿ, ಸೈಕಲ್ ಕೆಟ್ಟಿದೆ ಎಂದೂ ಒಪ್ಪಿಕೊಂಡು ಪಂಚರ್ ತೆಗೆಯುತ್ತ ಕೂತಿದ್ದೆ. ಮುದುಕ ಇನ್ನೇನು ಮಾಡಬೇಕಿತ್ತು?

ಸೈಕಲ್ ಹತ್ತಿ ಬೆನ್ನಟ್ಟಿದೆ. ವಾಲೀಕಾರರು ರಸ್ತೆ ಹಿಡಿಯುವುದಿಲ್ಲ, ಹೊಲದ ಬದುವಿನ ಮೇಲೆ, ಹಳ್ಳದ ಸೆರಗಿನಲ್ಲಿ ಕಾಲುದಾರಿ ಹಿಡಿಯುತ್ತಾರೆ. ರಸ್ತೆ ಸುತ್ತುತ್ತದೆ, ಅವರು ಸೀಳುತ್ತಾರೆ. ಮುಂದಿನ ಊರಿಗೆ ಹೋಗುವಷ್ಟರಲ್ಲಿ ಥೈಲಿ ಅಲ್ಲಿಂದಲೂ ದಾಟಿತ್ತು. ಅಲ್ಲಿಯ ಗೌಡ ನನ್ನ ಖಾಕಿ ಕೋಟು ನೋಡಿ ಎದ್ದು ನಿಂತು ಕೈ ಮುಗಿದ.

"ಸಾಹೇಬ್ರ, ಒಂದ ಗಳಿಗಿ ಸೈತ ನಿಂದರಿಸಿಲ್ರಿ. ಬಂತು, ಹೋತು. ಬೇಕಾದ್ರ ಊರಾಗ ಕೇಳ್ರಿ."

ಥೈಲಿ ತಡವಾಯಿತೋ ಇಲ್ಲವೋ ಎಂದು ತಪಾಸಣೆಗೆ ಬಂದವನು ನಾನು ಎಂದು ಅವನು ತಿಳಿದಿದ್ದ. ಸೈಕಲ್ ಮೇಲೆ ಕೋಟು ಹಾಕಿಕೊಂಡು, ಬೆವರು ಸುರಿಸುತ್ತ, ಥೈಲಿ ಎಲ್ಲಿ ಥೈಲಿ ಎಲ್ಲಿ ಎಂದು ಕಿರುಚುವವನು ಸಾಹೇಬನಲ್ಲದೆ ಮತ್ತೆ ಯಾರು? ಇಲ್ಲ, ಅದನ್ನು ನಿಲ್ಲಿಸಬೇಕಾಗಿದೆ ಎಂದೆ. ಗೌಡ ಇನ್ನೊಮ್ಮೆ ಕೈ ಮುಗಿದ. "ನಿಂದರಸಬಾರದು ಅಂತಲ್ರಿ ಹುಕುಂ?" ಎಂದ. ನನಗೇ ಸಂಶಯ ಬಂತು. ಹುಕುಮು ಏನಿತ್ತು? ಥೈಲಿ ಮೊದಲು ಮುಟ್ಟಬೇಕು ಎಂದಿತ್ತು. ನನ್ನ ಥೈಲಿಯನ್ನು ನಾನೇ ನಿಲ್ಲಿಸಿದರೆ ಸೋಲುವವನು ನಾನೇ. ನಿಲ್ಲಿಸದಿದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ, ಅರಗು ಉಳಿಯುತ್ತದೋ ಇಲ್ಲವೋ ಯಾರು ಬಲ್ಲರು? ಅತ್ತ ದರಿ ಇತ್ತ ಪುಲಿ ಎಂದು ಪುರಾಣದಲ್ಲಿ ಕೇಳಿದ್ದೆ. ಅವೆರಡೂ ಒಂದೇ ಥೈಲಿಯಲ್ಲಿ ಇರಬಹುದೆಂದು ಅಂದು ತಿಳಿಯಿತು.

ಕೊನೆಗೆ, ಓಡಿ ಹೋಗಿ ಥೈಲಿಯವನಿಗೆ ನಾನು ಹಿಂದೆ ಬರುತ್ತಿದ್ದೇನೆಂದು ಹೇಳಲು ಒಬ್ಬನನ್ನು ಕಳಿಸು ಎಂದೆ. ಅವನು ಕಳಿಸಿದ. ಹೋದವನು ಮುಂದಿನವನಿಗೆ ಹೇಳಿದ್ದು ಇಷ್ಟೇ: ಹಿಂದ ಸಾಹೇಬ ಬರಾಕತ್ತಾನ. ಆ ಮಾತು ಥೈಲಿಯ ಜೊತೆ ಊರಿಂದ ಊರಿಗೆ ಹೋಯಿತು. ನಡೆಯುತ್ತಿದ್ದವರು ಓಡಿದರು, ಓಡುತ್ತಿದ್ದವರು ಹಾರಿದರು. ನಾನು ಬೆನ್ನಟ್ಟಿದಷ್ಟೂ ಥೈಲಿ ಜೋರಾಯಿತು.

ಸವದತ್ತಿಯ ಕಚೇರಿಯಲ್ಲಿ ಕಾರಕೂನ ತನ್ನ ಪುಸ್ತಕ ತೋರಿಸಿದ. ಥೈಲಿ ಬಂದಿತ್ತು, ಶಿಕ್ಕಾ ಬಿದ್ದಿತ್ತು, ಹೋಗಿತ್ತು. ತಂದವರು ಯಾರೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಟಪಾಲು ತಂದವನ ಹೆಸರು ಯಾರಾದರೂ ಬರೆಯುತ್ತಾರೆಯೇ ಎಂದು ಅವನು ನನ್ನನ್ನೇ ಕೇಳಿದ. ಸರ್ವೆ ಗುಮಾಸ್ತನದೂ ಶಿಕ್ಕಾ ಬಿದ್ದಿತ್ತು, ನನ್ನ ಥೈಲಿಗಿಂತ ಸ್ವಲ್ಪ ಮುಂಚೆ. ಉಳಿದ ಮೂವರ ಸುದ್ದಿಯೇ ಇರಲಿಲ್ಲ.

ಅಲ್ಲಿಂದ ಮುಂದಿನ ದಾರಿಯನ್ನು ನಾನು ಸೈಕಲ್ ಮೇಲೆ ಹೋದದ್ದಕ್ಕಿಂತ ಸೈಕಲ್ ಜೊತೆ ಹೋದದ್ದೇ ಹೆಚ್ಚು. ಎಲ್ಲಮ್ಮನ ಗುಡ್ಡದಿಂದ ಹುಣ್ಣಿಮೆ ಮುಗಿಸಿ ಮರಳುವ ಬಂಡಿಗಳು ದಾರಿ ತುಂಬ ಇದ್ದವು. ಎತ್ತುಗಳು ಸೈಕಲ್ ನೋಡಿ ಬೆದರಿದವು, ಬಂಡಿಯವರು ಬೈದರು, ಒಬ್ಬ ಮುದುಕಿ ಇವನಿಗೆ ಗಾಳಿ ಬಡಿದಿದೆಯೆಂದು ನನ್ನ ಹಣೆಗೂ ಕೋಟಿಗೂ ಭಂಡಾರದ ಅರಿಸಿನ ಎರಚಿದಳು. ನಾನೂ ಹಾಗೆಯೇ ಭಾವಿಸುತ್ತಿದ್ದೆನಾದ್ದರಿಂದ ಬೇಡವೆನ್ನಲಿಲ್ಲ. ಒಂದು ಇಳಿಜಾರಿನಲ್ಲಿ ಗರಸು ಸರಿದು ಬಿದ್ದೆ. ಎಡಗಡೆಯ ಪೆಡಲು ಮುರಿದು ಕೈಗೆ ಬಂತು. ದಂಡೆಯ ಮೇಲೆ ಕೂತು ರೊಟ್ಟಿ ತಿಂದೆ. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಮೊಣಕೈಯ ನೋವಿಗೆ ಬಂದದ್ದಲ್ಲ, ಆ ರೊಟ್ಟಿ ಬಡಿದವಳು ಇನ್ನೆರಡು ತಿಂಗಳಲ್ಲಿ ಯಾರದೋ ಹಿತ್ತಿಲಲ್ಲಿ ಮುಸುರೆ ತಿಕ್ಕುತ್ತಾಳೆ ಎಂದು ಬಂತು.

ತೊರಗಲ್ಲಿನ ಕೋಟೆ ಕಾಣುವ ಕಡೆ ಎದುರಿನಿಂದ ಒಬ್ಬ ವಾಲೀಕಾರ ನಿಧಾನಕ್ಕೆ ನಡೆದು ಬಂದ. ತನ್ನ ಪಾಳಿ ಮುಗಿಸಿ ಊರಿಗೆ ಮರಳುತ್ತಿದ್ದ. ಕಾಲಿನ ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು.

"ಥೈಲಿ ಸುರೇಬಾನದ ಕಡೆ ದಾಟೇತ್ರಿ" ಎಂದ ನಾನು ಕೇಳುವ ಮೊದಲೇ. "ಅರಗು ಹಂಗ ಐತ್ರಿ. ನೀವು ಸಾವಕಾಶ ಬರ್ರಿ."

ಸಾವಕಾಶ ಹೋಗದೆ ಬೇರೆ ದಾರಿಯೇ ಇರಲಿಲ್ಲ. ಅವನ ಬೆರಳಿಗೆ ಕಟ್ಟಲು ರೊಟ್ಟಿಯ ಅರಿವೆ ಕೊಟ್ಟೆ. ಅವನು ಅದನ್ನು ತಲೆಗೆ ಸುತ್ತಿಕೊಂಡು ಹೋದ.

ರಾಮದುರ್ಗ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹೊಳೆಯ ಕಡೆಯ ಓಣಿಯಿಂದ ಸೈಕಲ್ ತಳ್ಳಿಕೊಂಡು ಬಂಗಲೆಯ ಅಂಗಳಕ್ಕೆ ಬಂದೆ. ಮೈಯೆಲ್ಲ ಅರಿಸಿನ, ಮೊಣಕೈಯಲ್ಲಿ ರಕ್ತ, ಕಿಸೆಯಲ್ಲಿ ಪೆಡಲು. ಸರ್ವೆ ಗುಮಾಸ್ತ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮಾವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಯಾರೋ ನನ್ನ ಕೊರಳಿಗೆ ಹಾರ ಹಾಕಿದರು.

"ಶಾಬಾಸ್" ಎಂದರು ಕಾರಭಾರಿಗಳು.

ಗುಮಾಸ್ತ ಎದ್ದು ಬಂದು ನನ್ನ ಮುಖ ದಿಟ್ಟಿಸಿ ನೋಡಿದ. "ಏನಪಾ, ನನ್ನ ನೀ ಯಾವಾಗ ದಾಟಿದಿ?"

"ನನಗೂ ಗೊತ್ತಾಗಲಿಲ್ಲ" ಎಂದೆ. ಆ ದಿನ ನಾನು ಆಡಿದ ಅಪ್ಪಟ ಸತ್ಯ ಅದೊಂದೇ.

ಆಗಿದ್ದು ಹೀಗೆ. ಸಾಹೇಬರು ಬಂಗಲೆಯ ಹಿಂದೆ ಚಹಾ ಕುಡಿಯುತ್ತಿರುವಾಗ ನನ್ನ ಥೈಲಿ ಬಂದು ಮುಟ್ಟಿತ್ತು, ಗುಮಾಸ್ತ ಬರುವುದಕ್ಕೂ ಬಹಳ ಹೊತ್ತು ಮುಂಚೆ. ಬಾಗಿಲ ಚಪರಾಸಿ ಇಸಿದುಕೊಂಡು ಒಳಗಿನ ಮೇಜಿನ ಮೇಲೆ ಇಟ್ಟ. ಸಾಹೇಬರು ಬಂದು ನೋಡಿದರೆ ಥೈಲಿ ಇದೆ, ಅರಗು ಒಡೆದಿಲ್ಲ, ಎರಡೂ ಶಿಕ್ಕಾ ಬಿದ್ದಿವೆ, ಸೈಕಲ್ಲಿನವನು ಇಲ್ಲ. ಹೊಳೆಗೆ ಮೈ ತೊಳೆಯಲು ಹೋಗಿರಬೇಕೆಂದು ಅವರೇ ತೀರ್ಮಾನಿಸಿದರು. ನಾನು ಹೊಳೆಯ ಕಡೆಯಿಂದಲೇ ಬಂದೆ. ಥೈಲಿ ತಂದವರು ಯಾರೆಂದು ಚಪರಾಸಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದನೇನೋ. ತಾನಾಗಿ ಹೇಳಲಿಲ್ಲ, ಯಾಕೆಂದರೆ ವಾಲೀಕಾರ ಬಂದು ಹೋದರೆ ಯಾರೋ ಬಂದು ಹೋದರು ಎಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಎಲ್ಲಿಯೂ ಇರಲಿಲ್ಲ.

ಸಾಹೇಬರು ಬಂದು ಕೈ ಕುಲುಕಿದರು. ಅವರ ಮಗ್ಗುಲಲ್ಲಿ ಶಿರಸ್ತೇದಾರರು ನಿಂತಿದ್ದರು, ಕನ್ನಡವನ್ನು ಇಂಗ್ಲಿಷಿಗೆ ಮಾಡಿ ಹೇಳುವವರು ಅವರೇ. ಹಾರ ತೆಗೆದು ಕೈಯಲ್ಲಿ ಹಿಡಿದು ಹೇಳಿದೆ.

"ಸಾಹೇಬ್ರ, ಥೈಲಿ ನಾ ತಂದಿಲ್ರಿ. ವಾಲೀಕಾರರು ತಂದಾರ್ರಿ. ಅವರ ಕಾಲು ನನ್ನ ಗಾಲಿಗಿಂತ ಜೋರ ಅದಾವ್ರಿ."

ಶಿರಸ್ತೇದಾರರು ನನ್ನನ್ನು ಒಂದು ಕ್ಷಣ ನೋಡಿದರು. ಆ ಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸಾಹೇಬರು ಗಟ್ಟಿಯಾಗಿ ನಕ್ಕು, ನನ್ನ ಬೆನ್ನು ತಟ್ಟಿ, ಇನ್ನೊಮ್ಮೆ ಕೈ ಕುಲುಕಿದರು. ಸುತ್ತಲಿನವರೂ ನಕ್ಕರು. ಹಾಗಾದರೆ ವಾಲೀಕಾರರು ತಂದರೂ ನಡೆಯುತ್ತದೆಯೋ? ನಿಯಮದಲ್ಲಿ ಹಾಗೂ ಇತ್ತೋ? ನಸ್ಯದ ಜೊತೆ ಹೋದ ಸಾಲಿನಲ್ಲಿ ಅದೇ ಇತ್ತೋ? ನಾನು ಸುತ್ತ ನೋಡಿದೆ, ಎಲ್ಲರ ಮುಖದಲ್ಲೂ ಖುಷಿಯಿತ್ತು. ಗುಮಾಸ್ತ ಮಾತ್ರ ತನ್ನ ಸೈಕಲ್ಲಿನ ಗಾಳಿ ಒತ್ತಿ ನೋಡುತ್ತಿದ್ದ.

ಎರಡನೆಯ ಸಲ ಹೇಳಬಹುದಿತ್ತು. ಶಿರಸ್ತೇದಾರರನ್ನು ಪಕ್ಕಕ್ಕೆ ಕರೆದು, ನೀವು ಸಾಹೇಬರಿಗೆ ಏನು ಹೇಳಿದಿರಿ ಎಂದು ಕೇಳಬಹುದಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಲೆಯ ಮುಂದೆ ಕೂತ ತಾಯಿ ಕಣ್ಣಿಗೆ ಕಟ್ಟಿದ್ದಳು. ಒಮ್ಮೆ ಹೇಳಿದ್ದೇನೆ, ನನ್ನ ಪಾಲಿನದು ಮುಗಿಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಎಷ್ಟು ಗಟ್ಟಿಯದೆಂದು ಅದನ್ನು ಹೇಳಿಕೊಂಡವನಿಗೇ ಗೊತ್ತು.

ಬೈಲಹೊಂಗಲದಲ್ಲಿ ಪೇಟೆಯವರು ಬಾಜಾ ಬಜಂತ್ರಿಯೊಡನೆ ಎದುರುಗೊಂಡರು. ಮಾವ ಮಾತಿಗೆ ತಪ್ಪಲಿಲ್ಲ. ಅಗಸೆಯ ಹತ್ತಿರ ಒಂದು ಸಣ್ಣ ಮನೆ ಹಿಡಿದೆ. ಮದುವೆಯಾಯಿತು. ತಾಯಿ ಹೊಸ ಒಲೆಯನ್ನು ಸಾರಿಸಿ, ರಂಗೋಲಿ ಎಳೆದು, ಬೆಂಕಿ ಹಚ್ಚಿದಳು. ಆ ದಿನ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ.

ನೌಕರಿಯ ಹುಕುಮು ಬಂದದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು. ಅದರ ಜೊತೆಗೇ ಇನ್ನೊಂದು ಹುಕುಮು ಚಾವಡಿಗಳಿಗೆ ಹೋಯಿತು. ಸೈಕಲ್ಲು ಕಾಲಿಗಿಂತ ಎಷ್ಟೋ ಬೇಗ ಟಪಾಲು ಮುಟ್ಟಿಸುತ್ತದೆಂದು ಪರೀಕ್ಷೆಯಿಂದ ಸಿದ್ಧವಾದ ಕಾರಣ, ಈ ದಾರಿಯ ಹಳ್ಳಿಗಳ ವಾಲೀಕಾರರಿಗೆ ಇನ್ನು ಟಪಾಲಿನ ಕೆಲಸವಿಲ್ಲ, ಆ ಕೆಲಸಕ್ಕೆಂದು ಕೊಟ್ಟ ಉಂಬಳಿ ಹೊಲ ಸರಕಾರಕ್ಕೆ ಮರಳಿತು ಎಂಬುದು ಅದರ ತಾತ್ಪರ್ಯ. ಅದನ್ನು ನಾನು ಮೂರು ಸಲ ಓದಿಸಿಕೊಂಡೆ. ಪರೀಕ್ಷೆಯಲ್ಲಿ ಸಿದ್ಧವಾದದ್ದು ಯಾವುದು? ಅವರ ಕಾಲು ಎಲ್ಲ ಸೈಕಲ್ಲುಗಳನ್ನೂ ಹಿಂದೆ ಹಾಕಿತ್ತು. ಅವರು ಗೆದ್ದದ್ದಕ್ಕೇ ಅವರ ಹೊಲ ಹೋಗಿತ್ತು. ಸಾವಕಾಶ ಓಡಿದ್ದರೆ ಉಳಿಯುತ್ತಿತ್ತು.

ಆ ವಾರವೇ ಪ್ರಾಂತ ಸಾಹೇಬರ ಕ್ಯಾಂಪು ಬೈಲಹೊಂಗಲಕ್ಕೆ ಬಂತು. ಶಿರಸ್ತೇದಾರರನ್ನು ಹುಡುಕಿಕೊಂಡು ಹೋದೆ.

"ಅವತ್ತ ನಾ ವಾಲೀಕಾರರು ತಂದಾರ ಅಂತ ಹೇಳಿದ್ನೆಲ್ರಿ, ಸಾಹೇಬ್ರಿಗೆ ನೀವು ಏನಂತ ಹೇಳಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಡುಗ ಭಾಳ ನಮ್ರ ಅದಾನ, ಗೆದ್ದದ್ದಕ್ಕ ಊರಿನ ಬಡವರ ಆಶೀರ್ವಾದ ಕಾರಣ ಅಂತಾನ, ಅಂದೆ. ನಿನ್ನ ಚಲೋದಕ್ಕ ಅಂದೆ. ತಪ್ಪಾತೇನು?"

ತಪ್ಪಾಯಿತು ಎಂದು ನಾನು ಅನ್ನಲಿಲ್ಲ. ಈಗ ಸಾಹೇಬರ ಹತ್ತಿರ ಕರೆದೊಯ್ಯಿರಿ ಎಂದೂ ಅನ್ನಲಿಲ್ಲ. ಕೈ ಮುಗಿದು ಹೊರಗೆ ಬಂದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಿದೆ. ಅವಳು, "ಉಂಡ ಮ್ಯಾಲ ಒದರಾಡ್ರಿ, ಅನ್ನ ಆರತೈತಿ" ಎಂದಳು.

ಮೊದಲ ದಿನ ಟಪಾಲು ಹೊತ್ತು ಹೊರಟಾಗ ಹೊಸ ಸೈಕಲ್ಲಿತ್ತು, ಸರಕಾರದ್ದು. ಗಾಲಿ ಗಟ್ಟಿ, ಪೆಡಲು ಗಟ್ಟಿ. ಹಿಂದಿನ ರಾತ್ರಿ ಮಳೆ ಬಿದ್ದು ಗರಸು ಕೂತಿತ್ತು, ದಾರಿ ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ಬೇವಿನ ಮರದ ಆ ಹಳ್ಳಿಯನ್ನು ನಿಲ್ಲದೆ ದಾಟಿಬಿಡಬೇಕೆಂದು ಬೈಲಹೊಂಗಲದಲ್ಲೇ ನಿಶ್ಚಯ ಮಾಡಿದ್ದೆ.

ಅವನು ಚಾವಡಿಯಲ್ಲಿ ಇರಲಿಲ್ಲ. ಊರಿನ ಸೀಮೆಯ ಕಲ್ಲಿನ ಹತ್ತಿರ, ದಾರಿಯ ನಡುವೆ ನಿಂತಿದ್ದ. ಅದೇ ಕೆಂಪು ರುಮಾಲು, ಅದೇ ಕೋಲು. ಇಳಿಯದೆ ಗತಿಯಿರಲಿಲ್ಲ. ಅವನು ಎರಡೂ ಕೈ ಮುಂದೆ ಚಾಚಿದ, ಥೈಲಿ ಇಸಿದುಕೊಳ್ಳುವಾಗ ಚಾಚುವ ಹಾಗೆ.

"ಅಜ್ಜಾ, ಹು‌ಕುಂ ಬಂದದ್ದು ಹೇಳಲಿಲ್ಲೇನು? ಇನ್ನ ಮ್ಯಾಲ ಟಪಾಲು ನಾನಽ ಒಯ್ಯತೇನಿ."

"ಹೇಳ್ಯಾರ್ರಿ" ಎಂದ. ಕೈ ಹಿಂದಕ್ಕೆ ತೆಗೆಯಲಿಲ್ಲ. ಸೈಕಲ್ಲಿನ ಮುಂದಿನ ಗಾಲಿ ನೋಡಿದ, ಹಿಂದಿನ ಗಾಲಿ ನೋಡಿದ, ಬಗ್ಗಿ ಪೆಡಲನ್ನೂ ನೋಡಿದ.

"ಅವತ್ತ ನಿಮ್ಮ ಸೈಕಲ್ ಕೆಟ್ಟಿತ್ತು, ಅದಕ್ಕ ನಾ ಓಡಿದ್ನಿ. ನನ್ನ ಹೊಲಾ ತೆಗಿಯಾಕ ಇವತ್ತ ನಂದೇನ ಕೆಟ್ಟಿತ್ರಿ, ಎಪ್ಪಾ?"

ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಥೈಲಿಯನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಂಡೆ, ಅವನ ಮಗ್ಗುಲಿನಿಂದ ಸೈಕಲ್ ದಾಟಿಸಿದೆ, ಹತ್ತಿ ತುಳಿದೆ.